ಎಡಗಡೆಯ ಚೈನು

ಮೊಣಕಾಲು ನೋವು ಎಂದರೆ ಸಾಕು, ಅದಕ್ಕಿಂತ ಹೆಚ್ಚಿನ ವಿವರ ಬೇಡ ಎಂದು ಅವನು ಇನ್ನೊಮ್ಮೆ ತೀರ್ಮಾನಿಸಿದ. ಮೊಣಕಾಲು ಯಾರಿಗೆ ನೋಯುವುದಿಲ್ಲ? ನೋಯುತ್ತದೆ ಎಂದವನ ಮೊಣಕಾಲನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ‘ಅಕ್ಕ, ಡಾಕ್ಟರು ಸೈಕಲ್ ಬೇಡ ಅಂದುಬಿಟ್ಟಿದ್ದಾರೆ, ಇವತ್ತೇ ಕೊನೆ.’ ಇಷ್ಟು ಹೇಳಿ ಮುಗಿಸಬೇಕು. ಅಕ್ಕನ ಮನೆಯ ಗೇಟು ದಾಟಿದಾಗಿನಿಂದ ಈ ಮಾತು ನಾಲಿಗೆಯ ಮೇಲೆ ಹೊರಳಾಡುತ್ತಿತ್ತು. ಆದರೆ ಬಾಯಿ ಹಾಕಲು ಸಂದು ಸಿಗಬೇಕಲ್ಲ. ಹಿಂದಿನ ಸೀಟಿನಲ್ಲಿ ಅಕ್ಕ ಒಂದೇ ಸಮನೆ ಮಾತಾಡುತ್ತಿದ್ದಳು. ದೊಡ್ಡಾಸ್ಪತ್ರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವಳಿಗೆ ಕೆಲಸ. ಹುಟ್ಟಿದಾಗಿನಿಂದ ಕಣ್ಣು ಕಾಣದ ಅವಳಿಗೆ ಅಲ್ಲಿನ ಡಾಕ್ಟರುಗಳೆಲ್ಲ ಬರೀ ದನಿಗಳು: ನಂಬರು ಕೇಳುವ ಮೊದಲು ಕೆಮ್ಮುವವರು, ಹೆಂಡತಿಗೆ ಫೋನು ಹಚ್ಚು ಎನ್ನುವಾಗ ಮಾತ್ರ ದನಿ ತಗ್ಗಿಸುವವರು. ಯಾವ ಡಾಕ್ಟರು ಬೇಡ ಅಂದ್ರು ಎಂದು ಅವಳು ಕೇಳಿದರೆ ಏನು ಗತಿ? ಊರಿನ ಅರ್ಧ ಡಾಕ್ಟರುಗಳು ಅವಳ ಕಿವಿಯಲ್ಲೇ ವಾಸ ಮಾಡುತ್ತಿದ್ದಾರೆ. ಸುಳ್ಳು ಹೇಳುವುದಕ್ಕೂ ಯೋಗ್ಯತೆ ಬೇಕು ಎಂದು ತನ್ನನ್ನೇ ಬೈದುಕೊಂಡ. ವಾರವಿಡೀ ಕಿವಿಗೆ ಫೋನು ಸಿಕ್ಕಿಸಿಕೊಂಡು ಕಿಟಕಿಯಿಲ್ಲದ ಕೋಣೆಯಲ್ಲಿ ಕೂರುವ ಅಕ್ಕನ ಮುಖಕ್ಕೆ ಗಾಳಿ ಸೋಕುವುದು ಈ ಭಾನುವಾರದ ಬೆಳಿಗ್ಗೆ ಒಂದೇ. ಅದನ್ನು ತಾನು ಕಿತ್ತುಕೊಳ್ಳಲು ಹೊರಟಿದ್ದೇನೆ, ಅದೂ ಮೊಣಕಾಲಿನ ಹೆಸರು ಹೇಳಿ.

ಇಬ್ಬರು ತುಳಿಯುವ ಜೋಡಿ ಸೈಕಲ್ಲು ಅದು. ಮುಂದೆ ಅವನು, ಹ್ಯಾಂಡಲ್ಲು, ಬ್ರೇಕು, ಗೇರು ಎಲ್ಲ ಅವನ ಕೈಯಲ್ಲಿ. ಹಿಂದೆ ಅಕ್ಕ, ಅವಳ ಹ್ಯಾಂಡಲ್ಲು ಹಿಡಿದುಕೊಳ್ಳುವುದಕ್ಕೆ ಮಾತ್ರ, ಎತ್ತ ತಿರುಗಿಸಿದರೂ ತಿರುಗುವುದಿಲ್ಲ. ಮುಂದಿನವನು ಗುಂಡಿ ಎಂದರೆ ಅವಳು ಸೀಟಿನಿಂದ ಸ್ವಲ್ಪ ಏಳಬೇಕು, ತಿರುವು ಎಂದರೆ ಅವನ ಜೊತೆ ವಾಲಬೇಕು. ಅವನು ಏನೂ ಅನ್ನದಿದ್ದರೆ? ಆವತ್ತು ಅವನು ಏನೂ ಅನ್ನಲಿಲ್ಲ. ರಿಂಗ್ ರೋಡಿನ ಅಡ್ಡರಸ್ತೆಯಿಂದ ಲಾರಿಯೊಂದು ಮೂತಿ ಹೊರಗೆ ಹಾಕುತ್ತಿದ್ದುದು ಅವನ ಕಣ್ಣಿಗೆ ಬಿದ್ದಿತ್ತು, ಬಿದ್ದದ್ದಂತೂ ನಿಜ, ಆದರೆ ಕಣ್ಣಿನ ಹಿಂದೆ ಅವನಿರಲಿಲ್ಲ. ಎಲ್ಲಿ ಹೋಗಿದ್ದ ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಕೈ ತಾನಾಗಿ ಹ್ಯಾಂಡಲ್ಲನ್ನು ಎಳೆಯಿತು, ಸೈಕಲ್ಲು ಮಣ್ಣಿಗೆ ಇಳಿದು ಒದ್ದಾಡಿ ನಿಂತಿತು, ಲಾರಿ ಧೂಳೆಬ್ಬಿಸಿಕೊಂಡು ಹೋಯಿತು. ‘ನಾಯಿ ಅಡ್ಡ ಬಂತು’ ಎಂದು ಅಕ್ಕನಿಗೆ ಹೇಳಿದ. ಪಾಪದ ನಾಯಿ, ಅದು ಅಲ್ಲಿರಲೇ ಇಲ್ಲ. ಅದಾಗಿ ವಾರ ಕಳೆಯುವುದರೊಳಗೆ ಕೆಲಸದಲ್ಲೂ ಹಾಗೇ ಆಯಿತು. ಅವನು ಲಿಫ್ಟ್ ಪರೀಕ್ಷಕ. ಎತ್ತರದ ಕಟ್ಟಡಗಳ ಲಿಫ್ಟುಗಳ ತಂತಿಹಗ್ಗಗಳ ಮೇಲೆ ಟಾರ್ಚು ಬಿಟ್ಟು, ಹತ್ತಿಬಟ್ಟೆ ಸುತ್ತಿದ ಕೈಯಾಡಿಸಿ, ಎಳೆ ತುಂಡಾಗಿ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆಯೇ ಎಂದು ನೋಡಿ, ಸರಿಯಿದೆ ಎಂದು ಹೇಳುವುದು ಅವನ ಉದ್ಯೋಗ. ಅವನು ಸರಿಯಿದೆ ಎಂದು ಕೆಳಗಿಳಿದ ಮೇಲೆ ಜೊತೆಯವನು ಸುಮ್ಮನೆ ಇನ್ನೊಮ್ಮೆ ಹತ್ತಿ ನೋಡಿ, ‘ಇಲ್ಲಿ ಬನ್ನಿ ಸ್ವಲ್ಪ’ ಎಂದು ಕರೆದಿದ್ದ. ಹಗ್ಗದ ಮೇಲೆ ತುಂಡಾದ ಎಳೆಗಳು ಮೀಸೆಯ ಹಾಗೆ ಎದ್ದು ನಿಂತಿದ್ದವು. ಅಷ್ಟರಲ್ಲಿ ಕೆಳಗೆ ಚೀಲ ಹಿಡಿದು ಕಾಯುತ್ತಿದ್ದ ಮುದುಕಿಯೊಬ್ಬಳಿಗೆ ಅವನು ‘ನಿಶ್ಚಿಂತೆಯಿಂದ ಹೋಗಿ ಅಮ್ಮ’ ಎಂದಾಗಿತ್ತು. ಜೊತೆಯವನು ಯಾರ ಹತ್ತಿರವೂ ಬಾಯಿಬಿಡಲಿಲ್ಲ, ಅದೇ ಹೆಚ್ಚು ಚುಚ್ಚುತ್ತಿತ್ತು. ಕಣ್ಣಿನ ಡಾಕ್ಟರು ಎಲ್ಲ ಅಕ್ಷರಗಳನ್ನೂ ಓದಿಸಿ ಕಣ್ಣು ಚೊಕ್ಕಟವಾಗಿದೆ ಎಂದರು. ಕಣ್ಣು ಚೊಕ್ಕಟ, ಸಂತೋಷ. ಕಣ್ಣಿನ ಯಜಮಾನ ಹೇಳದೆ ಕೇಳದೆ ಎದ್ದು ಹೋಗುತ್ತಾನಲ್ಲ, ಅದಕ್ಕೆ ಯಾವ ಡಾಕ್ಟರು? ಅಂಥವನ ಬೆನ್ನಹಿಂದೆ ಅಕ್ಕನನ್ನು ಕೂರಿಸಿಕೊಂಡು ರಸ್ತೆಗಿಳಿಯುವುದು ಪಾಪವಲ್ಲದೆ ಇನ್ನೇನು ಎಂದು ಅವನು ಹಾಸಿಗೆಯಲ್ಲಿ ಹೊರಳಾಡಿ ಹೊರಳಾಡಿ ಈ ಮೊಣಕಾಲನ್ನು ಹುಡುಕಿ ತಂದಿದ್ದ.

‘ಅಕ್ಕ’ ಎಂದ.

‘ತಾಳೋ, ಮುಗಿಸ್ತೀನಿ. ಆ ಮಕ್ಕಳ ಡಾಕ್ಟ್ರು ಏನಂದ್ರು ಗೊತ್ತಾ...’

ಅಷ್ಟರಲ್ಲಿ ಟಣ್ ಎಂದಿತು. ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆ ಎಂದು ಕಾಲಿಟ್ಟಾಗ ಮೆಟ್ಟಿಲೇ ಇಲ್ಲದ ಹಾಗೆ ಅವನ ಕಾಲು ಶೂನ್ಯಕ್ಕೆ ಇಳಿಯಿತು. ಪೆಡಲು ಗಿರಗಿರನೆ ಸುತ್ತಿ ಮೀನಖಂಡಕ್ಕೆ ಬಡಿಯಿತು, ಕೆಳಗೆ ಏನೋ ರಸ್ತೆಯ ಮೇಲೆ ಸರಬರ ಎಳೆದುಕೊಂಡು ಬರುತ್ತಿತ್ತು. ಅದೇ ಹೊತ್ತಿಗೆ ಹಿಂದಿನಿಂದ ಅಕ್ಕ, ‘ಏಯ್, ಯಾಕೋ ತುಳಿಯೋದು ನಿಲ್ಲಿಸಿಬಿಟ್ಟೆ? ಎಷ್ಟು ಭಾರ ಆಯ್ತು!’ ಎಂದು ಕೂಗಿದಳು. ಬ್ರೇಕು ಹಿಡಿದು ನಿಲ್ಲಿಸಿದ. ಎಡಗಡೆಯ ಚೈನು ತುಂಡಾಗಿ ನೇತಾಡುತ್ತಿತ್ತು.

‘ಚೈನು ಹೋಯ್ತು ಅಕ್ಕ.’

‘ಯಾವುದು? ಎಡಗಡೆದಾ, ಬಲಗಡೆದಾ?’

‘ಎಡಗಡೆದು. ನಮ್ಮಿಬ್ಬರ ಪೆಡಲ್ಲನ್ನ ಸೇರಿಸುತ್ತಲ್ಲ, ಅದು.’

‘ಓಹೋ’ ಎಂದು ಅಕ್ಕ ಮುಖ ಅರಳಿಸಿ ನಕ್ಕಳು. ‘ಹಾಗಾದ್ರೆ ಇಷ್ಟು ದಿನ ನೀನೂ ತುಳೀತಿದ್ದೆ ಅಂತ ಇವತ್ತು ಸಾಬೀತಾಯ್ತು ಬಿಡು.’

ಅವನಿಗೆ ನಗು ಬರಲಿಲ್ಲ. ಸೈಕಲ್ಲನ್ನು ಮುಚ್ಚಿದ ಗೋದಾಮೊಂದರ ಗೋಡೆಗೆ ಒರಗಿಸಿ, ಸೀಟಿನ ಕೆಳಗಿನ ಚೀಲ ಬಿಚ್ಚಿದ. ಚೈನಿನ ಒಂದು ಕೊಂಡಿಯ ಪಕ್ಕದ ತಟ್ಟೆ ಸೀಳಿಹೋಗಿತ್ತು. ಸೀಳಿನ ಅರ್ಧಭಾಗ ಹೊಳೆಯುತ್ತಿತ್ತು, ಇನ್ನರ್ಧ ತುಕ್ಕು ಹಿಡಿದು ಕಪ್ಪಾಗಿತ್ತು. ಅಂದರೆ ಇದು ಇವತ್ತಿನ ಸೀಳಲ್ಲ, ಎಷ್ಟೋ ದಿನದಿಂದ ಬಾಯಿಬಿಟ್ಟುಕೊಂಡೇ ಇತ್ತು. ನಿನ್ನೆ ಸಂಜೆ ಇದೇ ಚೈನಿಗೆ ಎಣ್ಣೆ ಹಾಕಿ, ಇದೇ ಬೆರಳುಗಳ ನಡುವೆ ಬಟ್ಟೆ ಹಿಡಿದು ಒಂದೊಂದೇ ಕೊಂಡಿಯನ್ನು ಒರೆಸಿದ್ದ. ನೋಡಿದ್ದ. ಇದನ್ನೂ ನೋಡಿದ್ದ! ಅಕ್ಕನಿಗೆ ಹೇಳಲಿಲ್ಲ. ಅವಳು ಗೋಡೆಗೆ ಅಂಗೈ ಒತ್ತಿ ಅದರ ಬಿಸಿ ಎಷ್ಟಿದೆ ಎಂದು ನೋಡುತ್ತಾ ನಿಂತಿದ್ದಳು. ಚೀಲದಲ್ಲಿ ಚೈನು ಸೇರಿಸುವ ಜೋಡುಕೊಂಡಿಯೊಂದಿತ್ತು. ಹಾಕಲು ಹೋದರೆ ಅದು ಬಲಗಡೆಯ ಸಣ್ಣ ಚೈನಿನದ್ದು, ಈ ದಪ್ಪ ಚೈನಿಗೆ ಎಲ್ಲಿ ಕೂಡಬೇಕು? ಮದುವೆಯ ಉಂಗುರವನ್ನು ಹೆಬ್ಬೆರಳಿಗೆ ತೊಡಿಸಲು ಹೋದ ಹಾಗಾಯಿತು. ಇನ್ನೊಂದೇ ದಾರಿ. ಸೀಳಿದ ಕೊಂಡಿಯನ್ನು ಕಿತ್ತುಹಾಕಿ, ಹಳೆಯ ಪಿನ್ನನ್ನೇ ಮತ್ತೆ ಕೂರಿಸಬೇಕು. ಚೈನು ಬಿಚ್ಚುವ ಸಣ್ಣ ಸ್ಕ್ರೂ ಉಪಕರಣವನ್ನು ಕಚ್ಚಿಸಿ ತಿರುಗಿಸತೊಡಗಿದ. ಪಿನ್ನನ್ನು ಪೂರ್ತಿ ಆಚೆ ತಳ್ಳಬಾರದು, ತುದಿ ಹೊರಗಿನ ತಟ್ಟೆಯಲ್ಲಿ ಸಿಕ್ಕಿಕೊಂಡೇ ಇರಬೇಕು. ಪೂರ್ತಿ ಬಂತೋ, ಅದನ್ನು ಮತ್ತೆ ಒಳಗೆ ಕೂರಿಸಲು ರಸ್ತೆಬದಿಯಲ್ಲಿ ಯಾರಿಂದಲೂ ಆಗದು. ಇದನ್ನು ಅವನು ಎಷ್ಟು ಜನಕ್ಕೆ ಪಾಠ ಹೇಳಿಲ್ಲ! ಒಂದು ಸುತ್ತು, ಅರ್ಧ ಸುತ್ತು. ಇಲ್ಲಿಗೆ ಸಾಕು, ಇನ್ನು ನಿಲ್ಲಿಸಬೇಕು ಎಂದುಕೊಳ್ಳುವಾಗ ಎದುರಿಗೆ ಆ ಮುದುಕಿ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡು ಲಿಫ್ಟಿನೊಳಗೆ ಹೆಜ್ಜೆಯಿಡುತ್ತಿದ್ದಳು, ಬಾಗಿಲು ಮುಚ್ಚುತ್ತಿತ್ತು, ಅವಳು ಅವನಿಗೆ ತಲೆಯಾಡಿಸಿ ಧನ್ಯವಾದ ಹೇಳುತ್ತಿದ್ದಳು. ಟಿಣ್ ಎಂದು ಸಣ್ಣ ಸದ್ದಾಯಿತು.

‘ಪೂರ್ತಿ ತಳ್ಳಿಬಿಟ್ಯಾ?’ ಎಂದಳು ಅಕ್ಕ ಗೋಡೆಯ ಹತ್ತಿರದಿಂದ.

ಅವನು ಹುಲ್ಲಿನಲ್ಲಿ ಬೆರಳಾಡಿಸಿ ಹುಡುಕತೊಡಗಿದ.

‘ಬಿದ್ದಿದ್ದು ಕೇಳಿಸ್ತು ಕಣೋ. ಪಿನ್ನು ಪೂರ್ತಿ ಬಂದ್ರೆ ಮುಗೀತು ಅಂತ ನೀನೇ ಭಾಷಣ ಬಿಗೀತಿದ್ದೆ, ಸುತ್ತ ನಿಂತವರಿಗೆಲ್ಲ.’

ಪಿನ್ನು ಸಿಕ್ಕಿತು. ಸಿಕ್ಕಿ ಪ್ರಯೋಜನವೇನು? ಬೆವರಿನ ಬೆರಳಿನಲ್ಲಿ ಹಿಡಿದು ತೂತಿಗೆ ಇಡಲು ಹೋದಷ್ಟೂ ಅದು ಅಡ್ಡಡ್ಡ ಬಿತ್ತು, ಒಮ್ಮೆ ಸ್ಕ್ರೂ ಒತ್ತಿದಾಗ ಬಾಗಿಯೂ ಹೋಯಿತು. ಬಣ್ಣಬಣ್ಣದ ಅಂಗಿ ತೊಟ್ಟ ಸೈಕಲ್ ಸವಾರರ ಗುಂಪೊಂದು ಅಷ್ಟರಲ್ಲಿ ಬಂದು ನಿಧಾನವಾಯಿತು. ಇಂಥ ಗಳಿಗೆಯಲ್ಲೇ ಇವರು ಬರಬೇಕು. ‘ಎಲ್ಲ ಸರಿ ಇದೆಯಾ ಸಾರ್?’ ಎಂದ ಮುಂದಿದ್ದವನು. ಚೈನಿನ ಕಡೆ ನೋಡಿ, ‘ಅಯ್ಯೋ ಪಿನ್ನು ಪೂರ್ತಿ ತೆಗೆದುಬಿಟ್ರಾ?’ ಎಂದ. ಅವನ ಹತ್ತಿರವೂ ದಪ್ಪ ಚೈನಿನ ಕೊಂಡಿ ಇರಲಿಲ್ಲ. ಹೊರಡುವ ಮೊದಲು ಅಕ್ಕನ ಕಡೆ ಗದ್ದ ಎತ್ತಿ ತೋರಿಸಿ, ‘ಅವರಿಗೆ ನೀರು ಗೀರು ಬೇಕಾ?’ ಎಂದು ಇವನನ್ನು ಕೇಳಿದ. ಅಕ್ಕ ಗೋಡೆ ಬಿಟ್ಟು ಅವನ ದನಿ ಬಂದ ಕಡೆಗೆ ತಿರುಗಿ, ಎಕ್ಸ್‌ಚೇಂಜಿನ ತನ್ನ ಸಿಹಿಯಾದ ದನಿಯಲ್ಲಿ, ‘ಅವರ ಹತ್ತಿರ ನೀರಿದೆ. ನಿಮಗೆ ಬೇಕಾದ್ರೆ ಅವರು ಕೊಡ್ತಾರಂತೆ’ ಎಂದಳು. ಸವಾರನ ಮುಖ ಕೆಂಪಗಾಯಿತು. ಕ್ಷಮಿಸಿ ಎನ್ನುತ್ತಾ ಪೆಡಲು ಹುಡುಕಿಕೊಂಡು ಹೊರಟುಹೋದ. ಆಹಾ, ಇವಳ ಬಾಯಿಗೆ ಏನು ಕೊಟ್ಟರೂ ಕಡಿಮೆ ಎಂದು ಅವನಿಗೆ ಆ ಸ್ಥಿತಿಯಲ್ಲೂ ಹೆಮ್ಮೆಯಾಯಿತು. ಅವನಾಗಿದ್ದರೆ ಹಲ್ಲುಗಿಂಜಿ ‘ಬೇಡ ಸಾರ್, ಥ್ಯಾಂಕ್ಸ್’ ಎನ್ನುತ್ತಿದ್ದ. ಅಂದೂ ಬಿಟ್ಟಿದ್ದಾನೆ, ಎಷ್ಟೋ ಸಲ.

‘ಭಾವನಿಗೆ ಫೋನು ಮಾಡ್ತೀನಿ, ವ್ಯಾನು ತರಲಿ’ ಎಂದ.

‘ಅವರು ರಾತ್ರಿಯೆಲ್ಲ ಬೇಕರಿ ಒಲೆ ಮುಂದೆ ನಿಂತು ಈಗ ತಾನೆ ಮಲಗಿರ್ತಾರೆ. ಎಬ್ಬಿಸಿದ್ರೆ ನಿನ್ನನ್ನೇ ಒಲೆಗಿಡ್ತಾರೆ.’

‘ಮತ್ತೆ? ಮನೆ ಸೇರೋಕೆ ದಿಬ್ಬ ದಾಟಬೇಕು. ತಳ್ಳಿಕೊಂಡು ಹೋದ್ರೆ ಮಧ್ಯಾಹ್ನ ಆಗುತ್ತೆ.’

‘ತಳ್ಳೋದ್ಯಾಕೆ?’ ಅಕ್ಕ ಸೈಕಲ್ಲನ್ನು ತಡವಿಕೊಂಡು ಬಂದು ಅದರ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಅವಳ ಕೈ ಮುಂದಿನ ಪೆಡಲಿಗೆ ಹೋಗಿ ಅದನ್ನು ತಿರುಗಿಸಿತು; ಅದು ಯಾವುದಕ್ಕೂ ಸಂಬಂಧವಿಲ್ಲದ ಹಾಗೆ ಗಿರ್ರನೆ ಸುತ್ತಿತು. ಆಮೇಲೆ ಹಿಂದಿನ ಪೆಡಲಿಗೆ ಹೋಯಿತು. ಅದನ್ನು ತಿರುಗಿಸಿದೊಡನೆ ಬಲಗಡೆಯ ಚೈನು ಓಡಿ, ಹಿಂದಿನ ಚಕ್ರ ಮುಂದಕ್ಕೆ ಎಳೆಯಿತು. ‘ನೋಡು. ಇದು ಸರಿಯಾಗಿದೆ. ನನ್ನ ಪೆಡಲ್ಲು ತುಳಿದ್ರೆ ಗಾಡಿ ಹೋಗುತ್ತೆ. ನಿನ್ನದು ಇನ್ನು ಅಲಂಕಾರಕ್ಕೆ.’

‘ಒಬ್ಬಳೇ? ಆ ದಿಬ್ಬಾನ? ನನ್ನನ್ನೂ ಹೊತ್ಕೊಂಡು?’

‘ನೀನೇನು ಆನೆನಾ? ಹತ್ತು.’

ಬೇಡ ಎನ್ನುವ ಮಾತು ಅವನ ಬಾಯಿಗೆ ಬಂದಿತ್ತು. ಮೊಣಕಾಲಿನ ಮಾತನ್ನು ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಯಾವುದು? ಆದರೆ ಮೊಣಕಾಲಿಗೆ ಈಗ ಕೆಲಸವೇ ಇರಲಿಲ್ಲವಲ್ಲ. ತುಂಡಾದ ಚೈನನ್ನು ಸುತ್ತಿ ಚೀಲಕ್ಕೆ ಹಾಕಿ, ಸೈಕಲ್ಲಿಗೆ ಕಾಲು ಅಡ್ಡಹಾಕಿ, ಎರಡೂ ಬ್ರೇಕು ಹಿಡಿದು ನಿಂತ. ಅಕ್ಕ ಹತ್ತಿದಳು, ಬಲಪೆಡಲನ್ನು ಮೇಲಕ್ಕೆ ತಂದುಕೊಂಡು ‘ಹೂಂ’ ಎಂದಳು. ಬ್ರೇಕು ಬಿಟ್ಟ, ನೆಲವನ್ನು ಒದ್ದ, ಒದ್ದವನು ಅಭ್ಯಾಸದಿಂದ ತನ್ನ ಪೆಡಲನ್ನು ಜೋರಾಗಿ ಮೆಟ್ಟಿದ. ಪೆಡಲು ಹಿಡಿತವಿಲ್ಲದೆ ಜಾರಿ, ಅವನ ಎದೆ ಹ್ಯಾಂಡಲ್ಲಿಗೆ ಬಡಿದು, ಇಬ್ಬರೂ ವಾಲಿ ಹೇಗೋ ಕಾಲೂರಿ ನಿಂತರು. ‘ಸುಮ್ನೆ ಕೂತ್ಕೊಳ್ಳೋದನ್ನ ಕಲಿ ಸ್ವಲ್ಪ’ ಎಂದಳು ಅಕ್ಕ. ಎರಡನೆಯ ಸಲ ಕಾಲುಗಳನ್ನು ಸುಮ್ಮನೆ ಇಟ್ಟುಕೊಂಡ. ಸೈಕಲ್ಲು ಒಮ್ಮೆ ತೂಗಾಡಿತು, ನೆಟ್ಟಗಾಯಿತು, ಹೊರಟಿತು.

ಹೊರಟೇಬಿಟ್ಟಿತು! ಅವನ ಕಾಲುಗಳು ಪೆಡಲುಗಳ ಮೇಲೆ ನಿಂತಲ್ಲೇ ನಿಂತಿದ್ದವು, ಮರಗಳು ಹಿಂದಕ್ಕೆ ಹೋಗುತ್ತಿದ್ದವು. ಹಿಂದಿನಿಂದ ಅಂಗೈಯಿಟ್ಟು ತಳ್ಳಿದ ಹಾಗೆ ಅವಳ ಒಂದೊಂದು ತುಳಿತವೂ ಚೌಕಟ್ಟಿನ ಮೂಲಕ ಬಂದು ಅವನ ಬೆನ್ನುಮೂಳೆಗೆ ಮುಟ್ಟುತ್ತಿತ್ತು. ಎಷ್ಟು ಸಮ, ಎಷ್ಟು ನಯ! ಎಲ್ಲೂ ಜರ್ಕಿಲ್ಲ, ಎಡಬಲದ ಭೇದವಿಲ್ಲ. ಇಷ್ಟು ವರ್ಷ ಈ ಬಲ ಅವನ ಕಾಲಿನ ಕೆಳಗೇ ಹರಿಯುತ್ತಿತ್ತು. ಆದರೆ ಎರಡೂ ಪೆಡಲು ಒಂದೇ ಚೈನಿಗೆ ಬಿಗಿದಿದ್ದರಿಂದ ಯಾವುದು ಯಾರದೆಂದು ಗೊತ್ತಾಗುತ್ತಿರಲಿಲ್ಲ, ಗೊತ್ತಾಗದ್ದನ್ನೆಲ್ಲ ಅವನು ತನ್ನ ಖಾತೆಗೆ ಬರೆದುಕೊಂಡಿದ್ದ. ಆಫೀಸಿನಲ್ಲಿ ಯಾರಾದರೂ ‘ಭಾನುವಾರ ಅಕ್ಕನ್ನ ಕರ್ಕೊಂಡು ಹೋಗ್ತೀರಂತೆ, ದೊಡ್ಡ ಮನಸ್ಸು ನಿಮ್ಮದು’ ಎಂದರೆ, ಛೆ ಛೆ ಅದರಲ್ಲೇನಿದೆ ಎಂದು ತಲೆ ತಗ್ಗಿಸಿ, ಒಳಗೊಳಗೇ ಆ ಮಾತನ್ನು ಚಪ್ಪರಿಸುತ್ತಿದ್ದ. ಕರೆದುಕೊಂಡು ಹೋಗುವುದಂತೆ. ಯಾರು ಯಾರನ್ನು? ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೆ ಆ ನಾಚಿಕೆಯ ಬೆನ್ನಿಗೇ ಏನೋ ಖುಷಿಯೂ ಏಳುತ್ತಿತ್ತು, ತಡೆಯಲಾಗಲಿಲ್ಲ. ಇಂಥವಳು ತನ್ನ ಅಕ್ಕ ಎಂದು ಆ ರಸ್ತೆಯ ಮರಗಳನ್ನೆಲ್ಲ ನಿಲ್ಲಿಸಿ ಹೇಳಬೇಕೆನಿಸಿತು.

ದಿಬ್ಬದ ಬುಡ ಬಂತು. ‘ಏರು ಶುರು. ಗೇರು ಇಳಿಸ್ತಿದ್ದೀನಿ’ ಎಂದ. ಅವಳು ‘ಹೂಂ’ ಎಂದಳು. ಅದಾದ ಮೇಲೆ ಮಾತಿಲ್ಲ. ಅವನಿಗೆ ಒಂದು ಥರವಾಯಿತು. ಈ ಸೈಕಲ್ಲಿನ ಮೇಲೆ ಅಕ್ಕನ ಬಾಯಿ ಮುಚ್ಚಿದ್ದನ್ನು ಅವನು ಕಂಡಿದ್ದೇ ಇಲ್ಲ. ಎಕ್ಸ್‌ಚೇಂಜಿನ ಸುದ್ದಿ, ಬೇಕರಿಯ ಸುದ್ದಿ, ಪಕ್ಕದ ಮನೆಯವರ ಜಗಳ, ಒಂದಾದ ಮೇಲೊಂದು. ಎಷ್ಟೋ ಸಲ ಇವಳು ಸ್ವಲ್ಪ ಸುಮ್ಮನಿರಬಾರದೇ ಎಂದು ಹಲ್ಲು ಕಚ್ಚಿಕೊಂಡದ್ದುಂಟು. ಈಗ ಉಸಿರಿನ ಸದ್ದು ಮಾತ್ರ, ಗರಗಸ ಎಳೆದ ಹಾಗೆ. ಮತ್ತು ತನಗೆ ಮಾಡಲು ಬೇರೇನೂ ಇಲ್ಲವೆಂಬುದು ಅವನಿಗೆ ಆಗ ಸರಿಯಾಗಿ ತಟ್ಟಿತು. ಕಾಲಿಗೆ ಕೆಲಸವಿಲ್ಲ. ಬಲಕ್ಕೆ ಕೆಲಸವಿಲ್ಲ. ಚೈನು ತುಂಡಾಗಿ ಅವನಿಂದ ಎಲ್ಲವನ್ನೂ ಕಿತ್ತುಕೊಂಡು ಒಂದನ್ನು ಮಾತ್ರ ಉಳಿಸಿತ್ತು: ನೋಡುವುದು. ಯಾವುದರ ಮೇಲೆ ಅವನಿಗೆ ಎಳ್ಳಷ್ಟೂ ನಂಬಿಕೆ ಉಳಿದಿರಲಿಲ್ಲವೋ ಅದು! ಈಗ ಎದ್ದು ಹೋಗಬೇಡ ಮಾರಾಯ ಎಂದು ತನ್ನನ್ನೇ ಬೇಡಿಕೊಂಡ. ಇಲ್ಲೇ ಇರಲು ದಾರಿಯೊಂದೇ. ಕಂಡದ್ದನ್ನೆಲ್ಲ ಬಾಯಲ್ಲಿ ಹೇಳಬೇಕು, ಹೇಳಿದ್ದು ಕಂಡದ್ದೇ ಆಗಿರಬೇಕು. ಹೇಳತೊಡಗಿದ. ಮೊದಮೊದಲು ಅಂಜುತ್ತಾ, ‘ಎಡಕ್ಕೆ ಗುಂಡಿ. ಮುಂದೆ ಜಲ್ಲಿ’ ಎಂದ. ಆಮೇಲೆ ‘ಜಲ್ಲಿ ದಾಟಿತು. ರಸ್ತೆ ಅಂಚಿನ ಬಿಳಿ ಗೆರೆ ಅಳಿಸಿಹೋಗಿದೆ. ಗೋಡೆ ಮೇಲೊಂದು ಬೆಕ್ಕು, ನಮ್ಮನ್ನ ನೋಡಿ ಕೆಲಸವಿಲ್ಲದವರು ಅಂದ್ಕೊಂಡಿದೆ. ಪೈಪು ಒಡೆದು ನೀರು ಅಡ್ಡ ಹರೀತಿದೆ, ನೆಟ್ಟಗೆ ಹೋಗ್ತೀನಿ, ಬ್ರೇಕು ಹಿಡಿಯಲ್ಲ’ ಎಂದ. ಗಂಟಲು ಒಣಗಿತು, ಹೇಳುವುದು ನಿಲ್ಲಲಿಲ್ಲ. ಎಷ್ಟಿತ್ತು ಆ ರಸ್ತೆಯಲ್ಲಿ! ಪ್ರತಿ ಭಾನುವಾರ ಇದೇ ದಾರಿ, ಇದರಲ್ಲಿ ಏನು ನೋಡುವುದಿದೆ ಎಂದು ಮೂಗಿನ ನೇರಕ್ಕೆ ಹೋಗಿಬಿಡುತ್ತಿದ್ದ.

ಹಿಂದೆ ಲಾರಿಯ ಗುಡುಗು ಕೇಳಿತು. ಎದುರಿಗೂ ಒಂದು ಕಾರು ಇಳಿದು ಬರುತ್ತಿತ್ತು. ‘ಹಿಂದೆ ಲಾರಿ’ ಎಂದ. ‘ಗೊತ್ತು’ ಎಂದಳು ಅಕ್ಕ ಉಸಿರಿನ ನಡುವೆ. ‘ಜಾಗ... ಎಷ್ಟಿದೆ?’ ಅವನು ನೋಡಿದ. ಕಾರನ್ನು ನೋಡಿದ, ರಸ್ತೆಯಂಚಿನ ಮಣ್ಣನ್ನು ನೋಡಿದ, ಮಣ್ಣಿಗಿಳಿದರೆ ಈ ಏರಿನಲ್ಲಿ ಮತ್ತೆ ಹೊರಡಲು ಅವಳಿಗೆ ಆಗುವುದಿಲ್ಲ ಎಂದೂ ನೋಡಿದ. ‘ಸಾಕಷ್ಟಿದೆ. ಹೀಗೇ ತುಳಿ, ಅಲುಗಾಡಬೇಡ’ ಎಂದ. ಅವಳು ಅಲುಗಾಡಲಿಲ್ಲ. ತುಳಿತ ಒಂದಿಷ್ಟೂ ತಪ್ಪಲಿಲ್ಲ. ಲಾರಿ ಬಿಸಿಗಾಳಿ ಎರಚಿ ಪಕ್ಕದಲ್ಲಿ ದಾಟಿಹೋಯಿತು, ಕಾರು ದಾಟಿತು, ರಸ್ತೆ ಮತ್ತೆ ಖಾಲಿಯಾಯಿತು. ಅವನ ಕಣ್ಣಲ್ಲಿ ನೀರು ತುಂಬಿತು, ಕಣ್ಣು ಮಂಜಾದೀತೆಂಬ ಹೆದರಿಕೆಗೆ ಕೂಡಲೇ ತೋಳಿನಿಂದ ಒರೆಸಿಕೊಂಡ.

ದಿಬ್ಬದ ನೆತ್ತಿಯಲ್ಲಿ ಬಸ್ಸಿನ ತಂಗುದಾಣದ ಸಿಮೆಂಟು ಬೆಂಚಿತ್ತು. ‘ಬಂತು, ಮೇಲೆ ಬಂದುಬಿಟ್ವಿ’ ಎಂದು ನಿಲ್ಲಿಸಿದ. ತಿರುಗಿ ನೋಡಿದ. ಆಗ ಅವನಿಗೆ ಹೊಳೆಯಿತು, ಅಕ್ಕ ಸೈಕಲ್ಲಿನ ಮೇಲಿರುವುದನ್ನು ಅವನು ಒಮ್ಮೆಯೂ ಸರಿಯಾಗಿ ನೋಡಿಯೇ ಇಲ್ಲ. ಅವಳು ಯಾವಾಗಲೂ ಬೆನ್ನ ಹಿಂದೆ. ಮುಖ ಕೆಂಡದ ಹಾಗಾಗಿತ್ತು, ಕೂದಲು ಹಣೆಗೆ ಅಂಟಿತ್ತು. ಕೈಗಳು ಇನ್ನೂ ಹ್ಯಾಂಡಲ್ಲನ್ನು ಬಿಟ್ಟಿರಲಿಲ್ಲ. ಬೆರಳ ಗೆಣ್ಣುಗಳು ಬೆಳ್ಳಗಾಗಿ ಬಿಗಿದುಕೊಂಡಿದ್ದವು, ಅವನ್ನು ಒಂದೊಂದಾಗಿ ಬಿಡಿಸಿಕೊಂಡು ಕೆಳಗಿಳಿದಳು. ಇಳಿದವಳ ಕಾಲು ನಡುಗುತ್ತಿತ್ತು. ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟ. ಅವಳು ಕುಡಿಯುವುದನ್ನು ನೋಡುತ್ತಾ, ಮೊಣಕಾಲಿನ ವಾಕ್ಯವನ್ನು ಹೇಳಲು ಬಾಯಿ ತೆರೆದವನು ಬೇರೆಯದನ್ನೇ ಹೇಳಿದ.

‘ಅಕ್ಕ, ನಾನು ಇದನ್ನ ನಿಲ್ಲಿಸಬೇಕು ಅಂತಿದ್ದೀನಿ. ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆ ಹೋಗಿದೆ. ಆವತ್ತು ಅಡ್ಡ ಬಂದಿದ್ದು ನಾಯಿ ಅಲ್ಲ.’

ಅಕ್ಕ ಬಾಟಲಿಯ ಮುಚ್ಚಳ ಹಾಕಿದಳು, ನಿಧಾನವಾಗಿ, ಪೂರ್ತಿ ಬಿಗಿಯುವವರೆಗೆ. ‘ಲಾರಿ’ ಎಂದಳು.

‘ಗೊತ್ತಿತ್ತಾ?’

‘ಟಾರ್ಪಾಲಿನ ಹಗ್ಗದ ತುದಿ ತೋಳಿಗೆ ಹೊಡೀತು ಕಣೋ. ಬರೆ ಎದ್ದಿತ್ತು. ನಿಮ್ಮ ಭಾವನಿಗೆ ಬಾಗಿಲ ಚಿಲಕ ತಾಗ್ತು ಅಂದೆ.’

ಅಷ್ಟು ಹತ್ತಿರ. ‘ಗೊತ್ತಿದ್ದೂ ಮುಂದಿನ ವಾರ ಹತ್ತಿದೆಯಾ? ಭಯ ಆಗಲಿಲ್ವಾ ನಿನಗೆ?’

ಅಕ್ಕ ನಕ್ಕಳು, ಅದು ಅವಳ ಎಂದಿನ ನಗುವಲ್ಲ. ‘ಯಾವತ್ತು ಆಗಿಲ್ಲ ಹೇಳು. ಮೊದಲ ದಿನದಿಂದ ಇವತ್ತಿನವರೆಗೂ, ಹತ್ತುವಾಗೆಲ್ಲ ಕೈಕಾಲು ತಣ್ಣಗಾಗುತ್ತೆ. ನಿನಗೆ ಮುಂದೆ ಏನಿದೆ ಅಂತ ಕಾಣುತ್ತೆ. ನನಗೆ ನಿನ್ನ ಬೆನ್ನೂ ಕಾಣಲ್ಲ. ಸುಮ್ನೆ ಕೂತ್ರೆ ಪ್ರಾಣ ಹೋಗುತ್ತೆ ಅಂತ ತಾನೆ ಅಷ್ಟೊಂದು ಮಾತಾಡೋದು? ಆ ಡಾಕ್ಟ್ರುಗಳ ಕೆಮ್ಮು ಕಟ್ಕೊಂಡು ನನಗೇನಾಗ್ಬೇಕು?’

ಇವಳಿಗೆ ಹೆದರಿಕೆಯೆಂಬುದೇ ಇಲ್ಲ ಎಂದು ಅವನು ಊರೆಲ್ಲ ಹೇಳಿಕೊಂಡು ಬಂದಿದ್ದ. ಅದನ್ನೇ ಮೆಚ್ಚಿಕೊಂಡೂ ಇದ್ದ. ಎಂಥ ಅಗ್ಗದ ಮೆಚ್ಚುಗೆ ಅದು! ಹೆದರಿಕೆಯಿಲ್ಲದವರು ಹತ್ತಿದರೆ ಅದೇನು ದೊಡ್ಡದು? ಇವಳು ವಾರ ವಾರವೂ ಹೆದರಿ, ಆ ಹೆದರಿಕೆಯನ್ನು ಜೊತೆಗೇ ಕೂರಿಸಿಕೊಂಡು, ತೋಳಿನ ಮೇಲೆ ಬರೆಯಿದ್ದರೂ ಬಾಗಿಲಿಗೆ ಬಂದು ನಿಂತು ‘ಲೇಟಾಯ್ತಲ್ಲೋ ಇನ್ಸ್‌ಪೆಕ್ಟರ್ರೇ’ ಎಂದಿದ್ದಳು. ಅವಳ ಮುಂದೆ ಮಂಡಿಯೂರಬೇಕೆನಿಸಿತು. ಮಂಡಿಯೂರಿದರೆ ಅವಳಿಗೆ ಕಾಣುವುದಿಲ್ಲ, ಗೊತ್ತಾದರೆ ಬೈಯುತ್ತಾಳೆ.

‘ನಿಲ್ಲಿಸ್ತೀನಿ ಅಂದ್ರೆ ನಿಲ್ಲಿಸು’ ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿತ್ತು, ಅದರ ಕೆಳಗೆ ಅಳುವೂ ಇತ್ತು. ‘ನಿನ್ನ ಕೈಕಾಲು ಹಿಡ್ಕೊಳ್ಳಲ್ಲ ನಾನು. ಆದ್ರೆ ನನಗೋಸ್ಕರ ಅಂತ ಮಾತ್ರ ಹೇಳ್ಬೇಡ. ನನಗೆ ಭಯ ಅಂತ ಹೇಳು. ಅದು ಅರ್ಥ ಆಗುತ್ತೆ ನನಗೆ.’

‘ನನಗೆ ಭಯ ಅಕ್ಕ.’

‘ಹಾಂ.’ ಅವಳು ಎದ್ದು ಬಟ್ಟೆಯ ಧೂಳು ಕೊಡವಿಕೊಂಡಳು. ‘ಈಗ ಕೆಳಗೆ ಹೇಗೆ? ನಡ್ಕೊಂಡಾ, ಕೂತ್ಕೊಂಡಾ? ನೀನು ಹೇಳಿದ ಹಾಗೆ.’

ಆಚೆಯ ಇಳಿಜಾರನ್ನು ಅವನು ನೋಡಿದ. ಉದ್ದಕ್ಕೆ ಬಿದ್ದುಕೊಂಡಿತ್ತು, ನಡುವೆ ಒಂದು ತಿರುವು, ತಿರುವಿನಾಚೆ ಏನಿದೆಯೋ ಇಲ್ಲಿಂದ ಅವನಿಗೂ ಕಾಣುತ್ತಿರಲಿಲ್ಲ. ನಡೆದುಕೊಂಡು ಹೋಗುವುದು ಸುಲಭ. ಅಕ್ಕ ಮೊಣಕೈ ಹಿಡಿಯುತ್ತಾಳೆ, ಅವನು ಸೈಕಲ್ಲು ತಳ್ಳುತ್ತಾನೆ, ಮನೆ ಸೇರುತ್ತಾರೆ, ಮತ್ತೆ ಯಾರೂ ಈ ಮಾತು ಎತ್ತುವುದಿಲ್ಲ. ಮುಂದಿನ ಭಾನುವಾರ ಅವಳು ರೇಡಿಯೋ ಮುಂದೆ ಕೂರುತ್ತಾಳೆ. ತುಂಬ ಹೊತ್ತು ಯೋಚಿಸಿದ ಎಂದು ಅವನಿಗೆ ಅನ್ನಿಸಿತು, ಅಷ್ಟೇನೂ ಆಗಿರಲಿಲ್ಲ. ಸೈಕಲ್ಲಿಗೆ ಕಾಲು ಅಡ್ಡಹಾಕಿ, ಬ್ರೇಕು ಹಿಡಿದು, ‘ಕೂತ್ಕೋ’ ಎಂದ.

ಅಕ್ಕ ಕೂತಳು. ಬ್ರೇಕನ್ನು ಸ್ವಲ್ಪ ಸಡಿಲಿಸಿದ. ಯಾರೂ ತುಳಿಯುವುದು ಬೇಕಿರಲಿಲ್ಲ, ರಸ್ತೆಯೇ ಎಳೆದುಕೊಂಡಿತು. ಗಾಳಿ ಕಿವಿಯಲ್ಲಿ ಮೊರೆಯತೊಡಗಿತು. ಅವನು ಹೇಳತೊಡಗಿದ, ಕೂಗಿ ಕೂಗಿ: ರಸ್ತೆ ಚೆನ್ನಾಗಿದೆ, ಎದುರಿಗೆ ಯಾರೂ ಇಲ್ಲ, ಬಲಗಡೆ ದೂರದಲ್ಲಿ ನಮ್ಮೂರಿನ ನೀರಿನ ಟ್ಯಾಂಕು. ಹಿಂದಿನಿಂದ ಮಾತಿಲ್ಲ. ವೇಗ ಏರಿತು. ಇದ್ದಕ್ಕಿದ್ದ ಹಾಗೆ ಅಕ್ಕ, ಡಾಕ್ಟರುಗಳನ್ನೂ ಪಕ್ಕದ ಮನೆಯವರನ್ನೂ ಬಿಟ್ಟು, ಎದೆ ಬಿರಿಯುವ ಹಾಗೆ ಕಿರುಚಿದಳು. ‘ಭಯ ಆಗ್ತಿದೆ ಕಣೋ!’

‘ನನಗೂ!’ ಎಂದು ಅವನು ಕಿರುಚಿದ.

‘ಅಯ್ಯಯ್ಯೋ! ಭಯ ಆಗ್ತಿದೆ!’

‘ನನಗೂ ಅಕ್ಕ! ಶನಿವಾರ ಹೊಸ ಚೈನು ಹಾಕಿಸ್ತೀನಿ!’

‘ಏನಂದೆ? ಕೇಳಿಸ್ಲಿಲ್ಲ!’

ಮತ್ತೆ ಹೇಳಲು ಸಮಯವಿರಲಿಲ್ಲ. ತಿರುವು ಬಂದಿತ್ತು. ‘ಬಲಕ್ಕೆ!’ ಎಂದು ಕೂಗಿದ. ಅವನು ವಾಲುವ ಮೊದಲೇ ಅಕ್ಕ ವಾಲಿದಳು.